ವೆಸಾಕ್ ಹುಣ್ಣಿಮೆಗೆ ಕೊಲಂಬೊ

ಜಗಳೂರು
೧೬ ಜೂನ್ ೨೦೨೪, ಭಾನುವಾರ

ಪ್ರೀತಿಯ ಮೇಘಾ,

ನೀನು, ಅರುಣ್ ಕುಮಾರ್ ಮತ್ತು ನಿಮ್ಮ ಅತ್ತೆ ಶಂಕ್ರಮ್ಮನವರು ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ನಾಲ್ಕು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಮೆಸೇಜಿಗೂ ಉತ್ತರ ಕೊಡಲಿಲ್ಲ. ತಪ್ಪು ತಿಳಿಯಬೇಡ. ಶಾಲೆ ಶುರುವಾಯಿತು, ದಾಖಲಾತಿ, ಪುಸ್ತಕ ಹಂಚುವುದು ಅಂತ ನೆವ ಹೇಳಬಹುದಿತ್ತು. ನಿಜ ಹೇಳಬೇಕೆಂದರೆ ನಿನ್ನ ದನಿ ಕೇಳಿದರೆ ನಾನು ಕರಗಿಬಿಡುತ್ತೇನೆ. ಹೊನ್ನಾಳಿಯಲ್ಲಿ ಡಿ.ಎಡ್. ಓದುವಾಗ ಒಂದೇ ರೂಮಿನಲ್ಲಿದ್ದಾಗಲೂ ಹಾಗೇ ಅಲ್ಲವೇ? ಜಗಳ ನಿನ್ನದು, ಸಮಾಧಾನ ನನ್ನದು. ಅದಕ್ಕೇ ಈ ಸಲ ಕಾಗದ ಬರೆಯುತ್ತಿದ್ದೇನೆ.

ನಮ್ಮಲ್ಲಿ ಎಲ್ಲ ಕ್ಷೇಮ. ಧನುಶ್ರೀ ಏಳನೇ ಕ್ಲಾಸಿಗೆ ಬಂದಳು. ನಮ್ಮ ಯಜಮಾನರು ಸಿದ್ದೇಶ್ ಅವರಿಗೆ ಪಂಚಾಯ್ತಿ ಕೆಲಸವೇ ಮುಗಿಯುವುದಿಲ್ಲ. ಬಿಳಿಚೋಡಿನಲ್ಲಿ ಅವ್ವನ ಮೊಣಕಾಲು ನೋವು ಇದ್ದ ಹಾಗೇ ಇದೆ. ಮೊದಲ ಮಳೆ ಬಿದ್ದಿದೆ, ಎಲ್ಲರೂ ಬಿತ್ತನೆಗೆ ಓಡಾಡುತ್ತಿದ್ದಾರೆ.

ಇನ್ನು ನಮ್ಮ ಪ್ರವಾಸದ ವಿಷಯ.

ಜನವರಿಯಲ್ಲಿ ನೀನೇ ಫೋನ್ ಮಾಡಿ, ಬೇಸಿಗೆ ರಜೆಯಲ್ಲಿ ಇಬ್ಬರೇ ಎಲ್ಲಾದರೂ ಹೊರದೇಶಕ್ಕೆ ಹೋಗೋಣ, ಊರು ನೀನೇ ಹೇಳು ಎಂದೆ. ನಾನು ಯೋಚನೆ ಮಾಡದೆ ಕೊಲಂಬೊ ಅಂದೆ. ಯಾಕೆ ಅಂತ ನೀನು ಕೇಳಲಿಲ್ಲ, ನಾನೇ ಹೇಳಿದೆ. ನಮ್ಮಪ್ಪ ಚಿಕ್ಕಹನುಮಂತಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಪ್ರತಿ ಬುದ್ಧ ಪೂರ್ಣಿಮೆಗೆ ಮನೆಯ ಮುಂದೆ ಬಣ್ಣದ ಕಾಗದದ ಗೂಡುದೀಪ ಕಟ್ಟುತ್ತಿದ್ದರು. ಓಣಿಯಲ್ಲಿ ನಮ್ಮದೊಂದೇ ದೀಪ. ನಮ್ಮಲ್ಲಿ ಅವತ್ತು ಬೇಕಾದವರು ಕೇಳಿ ತೆಗೆದುಕೊಳ್ಳುವ ರಜೆ. ಶ್ರೀಲಂಕಾದಲ್ಲಿ ಅದೇ ವೆಸಾಕ್ ಹಬ್ಬ, ಇಡೀ ದೇಶಕ್ಕೆ ಎರಡು ದಿನ ರಜೆ, ಊರಿಗೆ ಊರೇ ದೀಪ ಹಚ್ಚುತ್ತದೆ, ಬೀದಿ ಬೀದಿಯಲ್ಲಿ ಚಪ್ಪರ ಹಾಕಿ ದಾರಿಹೋಕರನ್ನೆಲ್ಲ ಕರೆದು ಊಟ ಹಾಕುತ್ತಾರೆ ಎಂದು ಅಪ್ಪ ಎಲ್ಲೋ ಓದಿ ಹೇಳುತ್ತಿದ್ದರು. ನೋಡಲಿಲ್ಲ, ಹೋದರು. ಈ ವರ್ಷ ಆ ಹುಣ್ಣಿಮೆ ಮೇ ಇಪ್ಪತ್ತಮೂರಕ್ಕೆ, ನಮ್ಮ ಬೇಸಿಗೆ ರಜೆಯೊಳಗೇ ಬಂದಿತ್ತು. ನೀನು ಆಯ್ತು ಅಂದೆ.

ಆಮೇಲೆ ಇಬ್ಬರು ಹೆಂಗಸರೇ ಯಾಕೆ ಅಂತ ನಿನ್ನ ಗಂಡ ಅರುಣ್ ಕುಮಾರ್ ಸೇರಿಕೊಂಡರು. ಒಂದು ಸಲವಾದರೂ ವಿಮಾನ ಹತ್ತಬೇಕು ಅಂತ ನಿಮ್ಮ ಅತ್ತೆಯೂ ಹೊರಟರು. ನನಗೆ ಸಂತೋಷವೇ ಆಯಿತು. ಮೂರು ತಿಂಗಳು ನನಗೆ ಅದೇ ಧ್ಯಾನ. ದಾವಣಗೆರೆಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿದೆ. ಬಿ.ಇ.ಒ. ಆಫೀಸಿನಲ್ಲಿ ಅನುಮತಿ ಪತ್ರಕ್ಕೆ ನಿಂತೆ. ಎಲ್ಲರ ವೀಸಾ ಅರ್ಜಿ ನಾನೇ ತುಂಬಿದೆ. ಹಬ್ಬದ ಎರಡು ದಿನ ಯಾವ ಅಂಗಡಿ ಮುಚ್ಚಿರುತ್ತದೆ, ಯಾವ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ, ಪೆಟ್ಟಾ ಬಜಾರಿಗೆ ಮೊದಲ ದಿನವೇ ಯಾಕೆ ಹೋಗಬೇಕು, ಸಮುದ್ರದ ಪಕ್ಕ ಓಡುವ ರೈಲಿನಲ್ಲಿ ಯಾವ ಕಡೆ ಕೂರಬೇಕು, ಎಲ್ಲ ಬರೆದಿಟ್ಟೆ. ನಿಮ್ಮ ಅತ್ತೆಗೆ ಮಾಂಸದ ವಾಸನೆ ಆಗುವುದಿಲ್ಲವೆಂದು ಕೊಲಂಬೊದ ವೆಳ್ಳವತ್ತೆಯಲ್ಲಿ ಸಸ್ಯಾಹಾರಿ ಹೋಟೆಲುಗಳ ಪಕ್ಕವೇ ಒಂದು ಸಣ್ಣ ವಸತಿಗೃಹ ಹುಡುಕಿದೆ. ಎರಡು ರೂಮು. ಒಂದು ನಿಮ್ಮಿಬ್ಬರಿಗೆ, ಇನ್ನೊಂದು ನನಗೂ ನಿಮ್ಮ ಅತ್ತೆಗೂ.

ಏಪ್ರಿಲ್‌ನಲ್ಲಿ ನೀವು ಯಾರದೋ ಗೃಹಪ್ರವೇಶಕ್ಕೆ ನ್ಯಾಮತಿಗೆ ಬಂದಾಗ ನಾನೂ ಬಂದೆ. ಮೂರು ಬಸ್ಸು ಬದಲಿಸಿ, ಆ ಬಿಸಿಲಲ್ಲಿ. ಬಸ್‌ಸ್ಟ್ಯಾಂಡ್ ಎದುರಿನ ಬೇಕರಿಯಲ್ಲಿ ನೀನು, ನಾನು, ಅರುಣ್ ಕುಮಾರ್ ಕೂತು ದಿನ ದಿನದ ಪಟ್ಟಿ ನೋಡಿದೆವು. ಅವರು ತುಂಬ ಹೊಗಳಿದರು, ಟೂರಿನ ಕಂಪನಿಯವರೂ ಇಷ್ಟು ನೀಟಾಗಿ ಮಾಡುವುದಿಲ್ಲ ಅಂದರು. ಹುಣ್ಣಿಮೆಯ ಬೆಳಿಗ್ಗೆ ನಾನು ಬಿಳಿ ಸೀರೆ ಉಟ್ಟು ಗಂಗಾರಾಮಯ ವಿಹಾರಕ್ಕೆ ಹೋಗುತ್ತೇನೆ, ಪಂಚಶೀಲ ಹೇಳಿ ಅಪ್ಪನ ಹೆಸರಲ್ಲಿ ಒಂದು ದೀಪ ಹಚ್ಚುತ್ತೇನೆ, ಮನಸ್ಸಿದ್ದರೆ ನೀವೂ ಬನ್ನಿ ಎಂದೆ. ನೀನು ಪಫ್ಸ್ ತಿನ್ನುವುದನ್ನು ನಿಲ್ಲಿಸಿದೆ.

"ಅತ್ತೆ ಮುಂದೆ ಅದೆಲ್ಲ ಬ್ಯಾಡ ಕಣೆ" ಅಂದೆ. "ಸುಮ್ನೆ ಲೈಟ್ ನೋಡ್ಕಂಡು ಬರಾಣ."

ನಾನು ಯಾಕೆ ಅಂದೆ. ಅವರು ಹಳೇ ಕಾಲದವರು, ಪೂಜೆ ಗೀಜೆ ಜಾಸ್ತಿ, ಅವರಿಗೆ ಅದು ಹಿಡಿಸಲ್ಲ ಅಂತ ನೀನು ಅಂದೆ. ಅರುಣ್ ಕುಮಾರ್ ಫೋನ್ ನೋಡುತ್ತ ಕೂತರು. ನಾನೂ ಮಾತು ಬೆಳೆಸಲಿಲ್ಲ. ನಿಮ್ಮ ಅತ್ತೆ ಏಳುವುದರೊಳಗೆ ಒಬ್ಬಳೇ ಹೋಗಿ ಬಂದರಾಯಿತು ಅಂದುಕೊಂಡೆ. ನೋಡು, ಅಷ್ಟಕ್ಕೂ ನಾನು ಒಪ್ಪಿಕೊಂಡಿದ್ದೆ.

ಹೊರಡಲು ಎರಡು ವಾರವಿರುವಾಗ ನಿನ್ನ ಫೋನ್ ಬಂತು. ಅತ್ತೆಗೆ ಬಿ.ಪಿ. ಏರಿದೆ, ಡಾಕ್ಟರು ವಿಮಾನ ಬೇಡ ಅಂದಿದ್ದಾರೆ, ಅವರನ್ನು ಬಿಟ್ಟು ನಾವು ಹೋದರೆ ಚೆನ್ನಾಗಿರಲ್ಲ, ಈ ವರ್ಷ ಬಿಟ್ಟುಬಿಡೋಣ ಅಂದೆ. ನೀನು ಅಳುತ್ತಿದ್ದೆ, ನಾನೇ ಸಮಾಧಾನ ಹೇಳಿದೆ. ಟಿಕೆಟ್, ರೂಮು ಎಲ್ಲ ನಾವು ಕ್ಯಾನ್ಸಲ್ ಮಾಡುತ್ತೇವೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದು ನೀನೇ ಹೇಳಿದೆ. ನಾನು ಆಯ್ತು ಅಂದೆ. ಮಾರನೇ ದಿನ ಬಿ.ಇ.ಒ. ಆಫೀಸಿಗೆ ಹೋಗಿ ಅನುಮತಿ ಪತ್ರ ವಾಪಸ್ಸು ಕೊಟ್ಟು ಬಂದೆ. ಯಾಕೆ ಮೇಡಮ್ ಎಂದು ಗುಮಾಸ್ತರು ಕೇಳಿದರು. ನಮ್ಮ ಮನೆಯ ಹಿರಿಯರೊಬ್ಬರಿಗೆ ಹುಷಾರಿಲ್ಲ ಅಂದೆ. ನಮ್ಮ ಮನೆಯ ಅಂತಲೇ ಬಾಯಿಗೆ ಬಂತು.

ಮೇ ಇಪ್ಪತ್ತೆರಡರ ಬೆಳಿಗ್ಗೆ ಬಿಳಿಚೋಡಿನಲ್ಲಿ ಅವ್ವನ ಜೊತೆ ರೊಟ್ಟಿ ಬಡಿಯುತ್ತಿದ್ದೆ. ಹೊರದೇಶದ ನಂಬರಿನಿಂದ ಫೋನ್ ಬಂತು. ವೆಳ್ಳವತ್ತೆಯ ವಸತಿಗೃಹದ ಒಡತಿ. ಪಾಪ, ಬಹಳ ನಯವಾಗಿ ಇಂಗ್ಲಿಷಿನಲ್ಲಿ ಕೇಳಿದಳು: ನಿಮ್ಮ ಕಡೆಯ ನಾಲ್ಕು ಜನ ಬಂದಿದ್ದಾರೆ, ಬುಕಿಂಗ್‌ನಲ್ಲಿ ಅಂಬಿಕಾ ಅಂತಿದೆ, ಪಾಸ್‌ಪೋರ್ಟಿನಲ್ಲಿ ದುರ್ಗಾಂಬಿಕಾ ಅಂತಿದೆ, ಎರಡೂ ಒಬ್ಬರದೇ ಹೆಸರಾ?

ನಿನ್ನ ಚಿಕ್ಕಪ್ಪನ ಮಗಳು ದುರ್ಗಾಂಬಿಕಾ ನೆನಪಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಲ್ಲ, ಅವರು ಬೇರೆ, ನಾನು ಬೇರೆ, ನನಗೆ ಹುಷಾರಿಲ್ಲದೆ ಬರಲಾಗಲಿಲ್ಲ, ನನ್ನ ಹಾಸಿಗೆ ಅವರಿಗೆ ಕೊಡಿ ಎಂದೆ. ಅಜ್ಜಿಗೆ ಮೆಟ್ಟಿಲು ಹತ್ತಿಸಬೇಡಿ, ಕೆಳಗಿನ ರೂಮೇ ಇರಲಿ ಅಂತಲೂ ಹೇಳಿದೆ. ಅವಳು ಥ್ಯಾಂಕ್ಸ್ ಹೇಳಿ, ಬೇಗ ಹುಷಾರಾಗಿ ಅಂದಳು. ಹಂಚಿನ ಮೇಲೆ ರೊಟ್ಟಿ ಹೊತ್ತಿ ಕರಿಯಾಗಿತ್ತು. ಯಾರವ್ವ ಅಂತ ಅವ್ವ ಕೇಳಿದಳು. ರಾಂಗ್ ನಂಬರ್ ಅಂದೆ.

ಮಾರನೇ ದಿನ ಹುಣ್ಣಿಮೆ. ನಾನು ಬಿಳಿ ಸೀರೆ ಉಡಲಿಲ್ಲ. ಅರುಣ್ ಕುಮಾರ್ ನನಗೆ ಕಾಣದ ಹಾಗೆ ಸ್ಟೇಟಸ್ ಹಾಕಿರಬೇಕು, ಆದರೆ ದುರ್ಗಾಂಬಿಕಾಗೆ ಯಾರೂ ಹೇಳಿರಲಿಲ್ಲ. ಅವಳ ಫೋಟೋ ನೋಡಿದ ನಮ್ಮ ಶಾಲೆಯ ಟೀಚರೊಬ್ಬರು, ಇದು ನಿಮ್ಮ ಫ್ರೆಂಡ್ ಅಲ್ವಾ ಮೇಡಮ್ ಅಂತ ನನಗೇ ಕಳಿಸಿದರು. ಬೀದಿಯ ಚಪ್ಪರದಲ್ಲಿ ಸಾಲಾಗಿ ಕೂತು ನೀವು ಊಟ ಮಾಡುತ್ತಿದ್ದೀರಿ. ಗುರುತಿಲ್ಲದ ಯಾರೋ ನಿಮ್ಮ ಅತ್ತೆಗೆ ಅನ್ನ ಬಡಿಸುತ್ತಿದ್ದಾರೆ. ಅವರು ನಗುತ್ತಿದ್ದಾರೆ. ಬಡಿಸುವವರು ಯಾವ ಜನ ಅಂತ ಅಲ್ಲಿ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಸಿದ್ದೇಶ್ ಅವರಿಗೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. "ಒಂದು ಮಾತು ಕೇಳ್ಬೇಕಿತ್ತು ನೀನು, ಆ ಮುದುಕಿ ಜೊತೆ ನಿನಗೆ ರೂಮು ಅಂದಾಗ್ಲೇ" ಎಂದರು, ಅಷ್ಟೇ. ನನಗೂ ಹಾಗೇ ಅನ್ನಿಸಿತು. ನಿಮ್ಮ ಅತ್ತೆಗೆ ನನ್ನ ಪಕ್ಕದ ಹಾಸಿಗೆ ಆಗಲಿಲ್ಲ, ಅವರ ಮಾತು ಮೀರಲಾಗದೆ ನೀನು ಸುಳ್ಳು ಹೇಳಿದೆ ಎಂದುಕೊಂಡೆ. ಎರಡು ವಾರ ಶಂಕ್ರಮ್ಮನವರನ್ನು ಮನಸ್ಸಿನಲ್ಲೇ ಬಯ್ದೆ. ನಿನ್ನ ಮೇಲೆ ಮಾತ್ರ ಪೂರ್ತಿ ಸಿಟ್ಟು ಬರಲಿಲ್ಲ.

ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ. ಇದನ್ನು ಬಾಯಿಮಾತಿಗೆ ಬರೆಯುತ್ತಿಲ್ಲ. ಹದಿನೆಂಟು ವರ್ಷ ನಿನಗೆ ಒಳ್ಳೆಯದನ್ನೇ ಬಯಸಿ ಅಭ್ಯಾಸವಾಗಿದೆ, ಒಂದೇ ಸಲಕ್ಕೆ ಬಿಡಲು ಬರುವುದಿಲ್ಲ.

ನಿನ್ನ
ಅಂಬಿಕಾ

ಮರೆತಿದ್ದೆ ಅಂತ ಬರೆಯಲಾರೆ, ಮರೆತಿಲ್ಲ. ಕೊನೆಗೆ ಇಟ್ಟುಕೊಂಡೆ.

ಹೋದ ಭಾನುವಾರ ನಿಮ್ಮ ಅತ್ತೆ ಫೋನ್ ಮಾಡಿದ್ದರು. ನನ್ನ ನಂಬರು ಅವರೇ ಯಾರಿಂದಲೋ ಹುಡುಕಿಸಿಕೊಂಡಿದ್ದರಂತೆ. ಎಲೆಕ್ಷನ್ ಡ್ಯೂಟಿ ಬಿದ್ದು ನನಗೆ ರಜೆ ಸಿಗಲಿಲ್ಲವಂತೆ, ನಾನಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನಿಜವಾಗಿಯೂ ಕೊರಗಿದರು. ಅವರಿಗೆ ಬಿ.ಪಿ. ಏರಿಯೇ ಇರಲಿಲ್ಲ. ಆಮೇಲೆ ವಿಷಯಕ್ಕೆ ಬಂದರು. ನಿನ್ನ ಮೈದುನ ವಿನಯ್ ಕುಮಾರ್‌ಗೆ ಹೆಣ್ಣು ನೋಡುತ್ತಿದ್ದಾರಂತೆ.

"ಜಗಳೂರು ಕಡೆ ನಮ್ಮೋರು ಯಾರಾರ ಇದ್ರೆ ನೋಡವ್ವ" ಅಂದರು. "ನೀನೂ ನಮ್ಮೋಳೇ ಅಲ್ಲೇನು. ಮದುವಿ ಆದ ಹೊಸದ್ರಾಗೇ ಮೇಘ ಹೇಳಿದ್ಲು. ಅದಕ್ಕೇ ನಿನಗೆ ಹೇಳಾಕೆ ಧೈರ್ಯ."

ಬಿಳಿ ಸೀರೆ, ಪಂಚಶೀಲ ಎಂದಾಗ ಬೇಕರಿಯಲ್ಲಿ ನೀನು ಯಾಕೆ ಬೆದರಿದೆ ಎಂದು ಆಗ ಗೊತ್ತಾಯಿತು. ಹದಿನೈದು ವರ್ಷ, ಮೇಘಾ. ಚನ್ನಗಿರಿಗೆ ಬಂದಾಗಲೆಲ್ಲ ನಿಮ್ಮ ಅಡುಗೆಮನೆಯಲ್ಲಿ ಅವರ ಪಕ್ಕ ಕೂತು ಉಂಡಿದ್ದೇನೆ. ಅವರು ನನ್ನ ತಲೆ ಬಾಚಿದ್ದಾರೆ. ನಾನು ಹೀಗೆ ಹೋಗಿ ಹಾಗೆ ಕೂರುವ ಒಂದು ಮನೆ ಈ ಜಿಲ್ಲೆಯಲ್ಲಿದೆ ಎಂದು ಅಪ್ಪನಿಗೆ ಹೇಳಿದ್ದೆ, ಕೇಳಿ ಅವರ ಕಣ್ಣು ತುಂಬಿತ್ತು. ಆ ಮನೆಯೊಳಗೆ ನಾನು ಒಂದು ದಿನವೂ ಹೋಗಿಯೇ ಇರಲಿಲ್ಲ. ಯಾರನ್ನೋ ಕರೆದುಕೊಂಡು ಹೋಗುತ್ತಿದ್ದೆ ನೀನು.

ಅವರಿಗೆ ನಾನು "ನೋಡ್ತೀನಿ ಅಮ್ಮ" ಅಂದೆ. ನೀನು ಹೇಳಿದ ಸುಳ್ಳಿಗಿಂತ ನನ್ನ ಬಾಯಿಂದ ಬಂದ ಆ ಎರಡು ಪದ ನನ್ನನ್ನು ಹೆಚ್ಚು ಸುಡುತ್ತಿವೆ.

ಇದನ್ನು ಮಂಗಳವಾರ ಅಂಚೆಗೆ ಹಾಕುತ್ತೇನೆ. ಹಾಕಿದ ಮೇಲೆ ಶಂಕ್ರಮ್ಮನವರಿಗೆ ಫೋನ್ ಮಾಡಿ ನಾನು ಯಾರ ಮಗಳು, ಯಾವ ಓಣಿಯವಳು ಎಂದು ಹೇಳುತ್ತೇನೆ. ಅವರು ಏನನ್ನುತ್ತಾರೋ ಗೊತ್ತಿಲ್ಲ. ನಿನಗೆ ಇದು ತಲುಪಲು ಮೂರು ದಿನವಾದರೂ ಬೇಕು. ಫೋನ್ ಬಿಟ್ಟು ಕಾಗದ ಬರೆದದ್ದು ಅದಕ್ಕೂ ಸೇರಿ. ಈ ಸಲ ಅವರಿಗೆ ನನ್ನ ವಿಷಯ ನನಗಿಂತ ಮೊದಲು ನೀನು ಹೇಳಬಾರದು.