ಮುಖಪುಟದಲ್ಲಿ ಇಲ್ಲದವರು

ವಿದ್ಯಾ,

ರಾತ್ರಿ ಹಾಳೆ ಸರಿಸುವ ಸಪ್ಪಳಕ್ಕೆ ಎಚ್ಚರವಾಯಿತು. ಗೋಕಾಕದ ಪ್ರೆಸ್ಸಿನಿಂದ ಬಂದ ಮಾದರಿ ಪ್ರತಿ ಹಿಡಿದು ನಿಮ್ಮವ್ವ ಮುಖಪುಟದ ಅಂಚನ್ನು ಬೆರಳಿನಿಂದ ಸವರುತ್ತಿದ್ದರು. ಅವರು ಹಾಡಿದ ಬೀಸುಕಲ್ಲಿನ ಪದಗಳ ಪುಸ್ತಕ. ಫೋಟೊದಲ್ಲಿ ಅವರೇ ಇಲ್ಲ.

ಮುಖಪುಟ ಮಾಡಿದವಳು ನಾನು, ತಪ್ಪು ನನ್ನದು. ಪುಸ್ತಕದ ಅಂಚು ಕಟಿಂಗ್ ಮಾಡಲು ಸುತ್ತಲೂ ಮೂರು ಮಿಲಿಮೀಟರ್ ಹೆಚ್ಚು ಬೇಕೆಂದು ಪ್ರೆಸ್ಸಿನವರು ಹೇಳಿದರು, ನಾನು ಪುಟ ತುಂಬುವಂತೆ ಫೋಟೊ ಹಿಗ್ಗಿಸಿದೆ. ಹೆಂಗಸರ ಸಾಲಿನಲ್ಲಿ ಎಂದಿನಂತೆ ತುದಿಗೆ ನಿಂತಿದ್ದ ಅತ್ತೆ ಕತ್ತರಿಸಿ ಹೋದರು.

ಬೆಳಗಿನಿಂದ ಕಂಪ್ಯೂಟರ್ ಮುಂದೆ ಕುಳಿತರೂ ನನ್ನ ಕೈಲಿ ಸರಿಹೋಗುತ್ತಿಲ್ಲ. ಅರಭಾವಿಯ ಬಸ್ಸಿಗೆ ಹೊತ್ತಾಯಿತು, ನನಗೆ ಪರೀಕ್ಷೆಯ ಕೆಲಸ, ರಜೆ ಕೊಡಲಿಲ್ಲ.

ನೀನು ಇಡೀ ಫೋಟೊ ಚಿಕ್ಕದು ಮಾಡಿ ನಡುವೆ ಇಡು. ಹಿಂದಿನ ಹಳದಿ ಬಣ್ಣವನ್ನು ಮಾತ್ರ ಅಂಚಿನಾಚೆ ಹಿಗ್ಗಿಸು. ಕೂಡಲೇ ಪ್ರೆಸ್ಸಿಗೆ ಕಳಿಸು. ಅವರು ಫೋನ್ ಎತ್ತುತ್ತಿಲ್ಲ. ಆಗಲೇ ಮಷಿನ್‌ಗೆ ಏರಿಸಿದ್ದರೆ ಏನು ಮಾಡುವುದೋ ನನಗೆ ತಿಳಿಯದು. ರೊಟ್ಟಿ ಬುಟ್ಟಿಯಲ್ಲಿವೆ.

ಬೆಳಿಗ್ಗೆ ಅವರಿಗೆ ಚಹಾ ಕೊಡುತ್ತ, “ಅತ್ತಿ, ಪುಸ್ತಕ ನೋಡಿದ್ರೇನ್ರಿ?” ಎಂದೆ.

“ನನಗೇನ ಓದಾಕ ಬರ್ತೈತಿ, ನೋಡಾಕ?” ಎಂದು ನಕ್ಕರು.

ನೋಡಿದ್ದನ್ನು ಯಾರಿಗೂ ಹೇಳಬಾರದೆಂದು ಅವರು ನಿಶ್ಚಯಿಸಿದ್ದಾರೆ. ರಾತ್ರಿ ನಾನು ಕಂಡದ್ದನ್ನು ನಿಮ್ಮಣ್ಣನಿಗೂ ಹೇಳುವುದಿಲ್ಲ. ನೀನೂ ಹೇಳಬೇಡ.

ವೈನಿ