ಬಾವುಟದ ಮೇಲೆ ಟವೆಲ್ ಹಾಕಿದವಳು ನಾನು

ಕಡಲತೀರದ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ನವೆಂಬರಿನಲ್ಲಿ ನಿಮ್ಮ ಕಚೇರಿಗೆ ನಾನೊಂದು ಸುಳ್ಳು ದೂರು ಬರೆದೆ. ಒಂಬತ್ತೇ ದಿನದಲ್ಲಿ ನೀವು ಅದನ್ನು ನಂಬಿ, ನನ್ನ ಮೊಮ್ಮಗಳ ಜೀವ ಉಳಿಸಿದ ಮನುಷ್ಯನನ್ನು ಕೆಲಸದಿಂದ ತೆಗೆದಿರಿ. ಆಮೇಲೆ ನಿಜ ಬರೆದೆ. ಅದನ್ನು ನಂಬಲು ನಿಮ್ಮಿಂದ ಆಗಲಿಲ್ಲ. ಆದ್ದರಿಂದ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನನ್ನ ಬೀದಿಯವರು, ನನ್ನ ಬೀಗರು, ನನ್ನ ಕೈಯಲ್ಲಿ ಅರ್ಜಿ ಬರೆಸಿಕೊಂಡವರು ಎಲ್ಲರೂ ಓದುವ ಪತ್ರಿಕೆ ಇದು. ಓದಲಿ.

ನಾನು ತೀರ್ಥಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿ ಸಾಗರಕ್ಕೆ ಮದುವೆಯಾಗಿ ಬಂದವಳು. ನಮ್ಮ ಬೀದಿಯಲ್ಲಿ ಯಾರಿಗೆ ಯಾವ ಕಚೇರಿಯಲ್ಲಿ ಕೆಲಸವಿದ್ದರೂ ಮೊದಲು ಅರ್ಜಿ ಬರೆಸಲು ನನ್ನ ಮನೆಯ ಜಗಲಿಗೆ ಬರುತ್ತಾರೆ. ಯಾವ ಮಾತು ಬರೆದರೆ ಗುಮಾಸ್ತರು ಕಾಗದವನ್ನು ಮೇಲಕ್ಕೆ ಕಳಿಸುತ್ತಾರೆ, ಯಾವ ಮಾತಿಗೆ ಅದನ್ನು ಕಟ್ಟಿನ ಅಡಿಗೆ ತಳ್ಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಹಾಗಿದ್ದೂ ನಮ್ಮ ಅಂಗನವಾಡಿಯ ಹೆಂಚು ಬದಲಿಸಿ ಎಂದು ನಿಮ್ಮಂಥದೇ ಇನ್ನೊಂದು ಕಚೇರಿಗೆ ಮೂರು ವರ್ಷದಲ್ಲಿ ಐದು ಅರ್ಜಿ ಕೊಟ್ಟಿದ್ದೇನೆ. ಐದರಲ್ಲೂ ಒಂದಕ್ಷರ ಸುಳ್ಳಿರಲಿಲ್ಲ. ಮಕ್ಕಳು ಇವತ್ತಿಗೂ ಮಳೆಗಾಲದಲ್ಲಿ ಸೋರುವ ನೀರಿಗೆ ಇಟ್ಟ ಬಕೆಟ್ಟಿನ ಸುತ್ತ ಕೂತು ಹಾಡು ಹೇಳುತ್ತವೆ. ಜೀವನದಲ್ಲಿ ನಾನು ಬರೆದ ಒಂದೇ ಒಂದು ಸುಳ್ಳು ಅರ್ಜಿಗೆ ಮಾತ್ರ ಇಷ್ಟು ಬೇಗ ನ್ಯಾಯ ಸಿಕ್ಕಿತು. ಇದನ್ನು ನಿಮ್ಮ ಸಾಧನೆ ಎನ್ನಲೋ, ನನ್ನದು ಎನ್ನಲೋ?

ನಡೆದದ್ದನ್ನು ಹೇಳುತ್ತೇನೆ. ದೀಪಾವಳಿ ಕಳೆದ ವಾರ ಮಗ ದೀಪಕ್, ಸೊಸೆ ಸುಮನಾ, ಮೂರು ವರ್ಷ ತುಂಬದ ಪುಟ್ಟಿ, ಆಗಷ್ಟೇ ಓಡಲು ಕಲಿತ ಅವಳ ತಮ್ಮ ಅಪ್ಪಿ, ಇವರ ಜೊತೆ ಕಾರಿನಲ್ಲಿ ಘಟ್ಟ ಇಳಿದೆ. ಮಕ್ಕಳಿಗೆ ಅದು ಮೊದಲ ಸಮುದ್ರ. ನಿಜ ಹೇಳಬೇಕೆಂದರೆ ನನಗೂ ಎರಡನೆಯದಷ್ಟೆ. ತಿರುವಿನಲ್ಲಿ ಪುಟ್ಟಿ ಎರಡು ಸಲ ವಾಂತಿ ಮಾಡಿ ಒಂದು ದೊಡ್ಡ ಟವೆಲ್ ಹಾಳು ಮಾಡಿದಳು. ಮರಳಿಗೆ ಕಾಲಿಟ್ಟ ಕೂಡಲೇ ಅಪ್ಪಿ ಅಲೆಯ ಸದ್ದಿಗೆ ಹೆದರಿ ಅವರಮ್ಮನ ಕುತ್ತಿಗೆ ಬಿಡಲಿಲ್ಲ. ಪುಟ್ಟಿಗೆ ಮಾತ್ರ ನೀರಿಗಿಳಿಯಲೇಬೇಕು. ದೀಪಕ್ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದ. "ಅತ್ತೆ, ಅವ್ರು ಬರೋವರೆಗೆ ಕಾಯಣ" ಎಂದಳು ಸುಮನಾ. "ತುಂಗೆ ದಂಡೇಲಿ ಹುಟ್ಟಿದೋಳು ನಾನು. ನೀರಿಗೆ ಗಂಡಸ್ರ ಕಾವಲು ಎಂತಕ್ಕೆ?" ಎಂದು ಮಗುವಿನ ಕೈ ಹಿಡಿದು ಹೊರಟೆ.

ಅಲ್ಲೊಂದು ಜಾಗವಿತ್ತು. ಎರಡೂ ಬದಿಯಲ್ಲಿ ಅಲೆಗಳು ಬಿಳಿ ನೊರೆಯಾಗಿ ಒಡೆಯುತ್ತಿದ್ದರೆ ನಡುವೆ ಮೂವತ್ತು ಹೆಜ್ಜೆಯಷ್ಟು ಅಗಲದಲ್ಲಿ ಅಲೆಯೇ ಇಲ್ಲ. ನೀರು ಮಣ್ಣುಬಣ್ಣಕ್ಕೆ ತಿರುಗಿ ಸುಮ್ಮನೆ ಮಲಗಿದ ಹಾಗಿತ್ತು. ಹೊಳೆಯಲ್ಲಿ ಮಕ್ಕಳನ್ನು ಕೂರಿಸಲು ನಾವು ಹುಡುಕುವುದು ಇಂಥ ಜಾಗವನ್ನೇ: ದಂಡೆಗೆ ಹತ್ತಿರ, ಮೊಣಕಾಲು ಮುಳುಗದಷ್ಟು ನೀರು, ಸದ್ದಿಲ್ಲ. ಸಮುದ್ರದಲ್ಲಿ ಅಲೆ ಒಡೆಯದ ಜಾಗವೇ ನೀರು ವಾಪಸು ಒಳಗೆ ಹರಿಯುವ ದಾರಿ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ತಪ್ಪಲ್ಲ. ಗೊತ್ತಿದ್ದವರು ಹೇಳಿದಾಗ ಕೇಳದ್ದು ತಪ್ಪು. ಆ ಜಾಗದ ಅಂಚಿನಲ್ಲಿ ಮರಳಿಗೆ ಚುಚ್ಚಿದ ಕೋಲು, ಅದರ ತುದಿಗೆ ಕೆಂಪು ಬಾವುಟ ಇತ್ತು. ನಾನು ವಾಂತಿಯಾದ ಟವೆಲನ್ನು ಅಲ್ಲೇ ಜಾಲಿಸಿ ಹಿಂಡಿ, ಒಣಗಲಿ ಎಂದು ಆ ಕೋಲಿನ ಮೇಲೆ ಹರವಿ, ಗಾಳಿಗೆ ಹಾರದಂತೆ ಗಂಟು ಹಾಕಿದೆ. ಬಾವುಟ ಪೂರಾ ಮುಚ್ಚಿಹೋಯಿತು.

ಜೀವರಕ್ಷಕ ಬಂದ. ಮೂವತ್ತು ದಾಟಿದ, ಬಿಸಿಲಿಗೆ ಕಪ್ಪಿಟ್ಟ ಮನುಷ್ಯ, ಕೊರಳಲ್ಲಿ ವಿಶಲ್. "ಅಮ್ಮ, ಇಲ್ಲಿ ಬ್ಯಾಡ. ಇಲ್ಲಿ ನೀರು ಒಳಗೆ ಎಳೀತದೆ. ಆಚೆ ಆ ಜೋಳದ ಗಾಡಿ ಎದ್ರಿಗೆ ಹೋಗಿ" ಎಂದು ಹೇಳಿ, ಟವೆಲ್ ಬಿಚ್ಚಿ, ಮಡಿಸಿ ನನ್ನ ಕೈಗೆ ಕೊಟ್ಟ. ಹೌದು, ಮಡಿಸಿ. "ನನಗೆ ನೀರು ತೋರಿಸ್ಬೇಡ ಮಾರಾಯ. ನೀ ಹುಟ್ಟೋ ಮೊದ್ಲೇ ನಾನು ತುಂಗೆಯ ಆಚೆ ದಂಡೆ ಮುಟ್ಟಿ ಬರ್ತಿದ್ದೆ" ಎಂದೆ. "ತುಂಗೆ ದೊಡ್ಡದೇ ಅಮ್ಮ. ಇದು ಬೇರೆ" ಎಂದವನು ದೂರದಲ್ಲಿ ನೀರಿಗಿಳಿಯುತ್ತಿದ್ದ ಕಾಲೇಜು ಹುಡುಗರ ಕಡೆ ವಿಶಲ್ ಊದುತ್ತ ಓಡಿದ. ಅವನ ಬೆನ್ನು ತಿರುಗಿದ್ದೇ ತಡ, ನಾನು ಟವೆಲನ್ನು ಮತ್ತೆ ಅದೇ ಕೋಲಿಗೆ ಹಾಕಿದೆ. ಟವೆಲ್ ಒಣಗಬೇಕಾಗಿತ್ತು ಎಂದಲ್ಲ. ನನಗೆ ಬುದ್ಧಿ ಹೇಳಿದನಲ್ಲ, ಅದಕ್ಕೆ.

ಮುಂದಿನದು ಎರಡು ನಿಮಿಷದ ಮಾತು. ಪುಟ್ಟಿ ಅದೇ ಜಾಗದ ನೀರಲ್ಲಿ ಕೂತು ಮರಳು ತೋಡುತ್ತಿದ್ದಳು. ಒದ್ದೆಯಾದ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಲು ಅವಳ ಕೈ ಬಿಟ್ಟೆ. ನೀರು ವಾಪಸಾಯಿತು. ಮಗು ಜಾರುಬಂಡೆಯಲ್ಲಿ ಜಾರಿದಂತೆ ನಗುತ್ತಲೇ ಒಳಗೆ ಹೋಯಿತು. ನಾನು ಹಿಂದೆಯೇ ನುಗ್ಗಿದೆ. ತುಂಗೆ ಈಜಿದವಳನ್ನು ನೀರು ಎರಡು ಹೆಜ್ಜೆಯಲ್ಲೇ ಕೆಡವಿತು. ವಿಶಲ್ ಕೇಳಿಸಿತು. ಅವನು ಎಲ್ಲಿಂದ ಓಡಿ ಬಂದನೋ ಕಾಣೆ, ನನ್ನನ್ನು ದಾಟಿ ಹಾರಿ ಮಗುವನ್ನು ಫ್ರಾಕು ಹಿಡಿದು ಎತ್ತಿದ. ವಾಪಸು ಬರುವಾಗ ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ದಡಕ್ಕೆ ಎಳೆದ. ಕೋಲಿನ ಮೇಲಿದ್ದ ಟವೆಲ್ ಕಿತ್ತು ಮಗುವಿಗೆ ಸುತ್ತಿದ. ಪುಟ್ಟಿ ಕೆಮ್ಮಿ, ನೀರು ಕಾರಿ, ಅತ್ತಳು. ಆಮೇಲೆ ಅವನು ಸುತ್ತ ಸೇರಿದ ನಲವತ್ತು ಜನರ ಎದುರು ನನಗೆ ಹೇಳಿದ: "ದೊಡ್ಡೋರು ಅಂತ ಮರ್ಯಾದಿ ಕೊಟ್ರೆ ಕೂಸಿನ ಜೀವ ತೆಗೀತಿದ್ರಲ್ಲ! ಹೇಳಿದ್ದು ಕೇಳ್ಲಿಕ್ಕೆ ಎಂತ ಆಗಿತ್ತು ನಿಮ್ಗೆ?"

ಅಪ್ಪಿಗೆ ಬಟ್ಟೆ ಬದಲಿಸಲು ಹೋಗಿದ್ದ ಸುಮನಾ ಓಡಿ ಬಂದಳು. ಟವೆಲ್ ತೆಗೆದಿದ್ದರಿಂದ ಬಾವುಟ ಈಗ ಹಾರುತ್ತಿತ್ತು. "ಅತ್ತೆ, ಇಲ್ಲಿ ಕೆಂಪು ಬಾವುಟ ಇದ್ಯಲ್ಲ?" ಎಂದಳು.

"ಈಗ ತಂದು ನೆಟ್ಟಿದ್ದು. ಅಲ್ಲೀವರೆಗೆ ಮೊಬೈಲ್ ನೋಡ್ತಾ ಕೂತಿದ್ದ" ಎಂದೆ.

ಅದನ್ನು ಅವನೂ ಕೇಳಿಸಿಕೊಂಡ. ನನ್ನ ಮುಖ ನೋಡಿದ. ಹುಡುಗರ ಕಡೆ ಹೋದ. ಮಾನ್ಯರೇ, ಮಗು ಜಾರಿ ಹೋದ ಗಳಿಗೆಗಿಂತ ಆ ನೋಟ ನನಗೆ ಹೆಚ್ಚು ಸಲ ನೆನಪಾಗುತ್ತದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಅದೇ ನಿಜ.

ಸೊಸೆಯ ಎದುರು ಹೇಳಿದ ಸುಳ್ಳಿಗೆ ಒಂದು ಆಧಾರ ಬೇಕಿತ್ತು. ಮಾರನೇ ದಿನ ನಿಮಗೆ ದೂರು ಬರೆದೆ. "ಹಿರಿಯ ನಾಗರಿಕಳಾದ ನನ್ನ ಕೈ ಹಿಡಿದೆಳೆದು" ಎಂದೆ. ಹಿಡಿದದ್ದು ಹೌದು, ಏಕೆಂದು ಬರೆಯಲಿಲ್ಲ. "ಯಾವುದೇ ಎಚ್ಚರಿಕೆಯ ಬಾವುಟ ಕಾಣುತ್ತಿರಲಿಲ್ಲ" ಎಂದೆ. ಕಾಣುತ್ತಿರಲಿಲ್ಲ ನಿಜ, ಯಾರಿಂದ ಎಂದು ಬರೆಯಲಿಲ್ಲ. ಕೊನೆಯಲ್ಲಿ ಮೇಲಧಿಕಾರಿಗಳಿಗೆ ಪ್ರತಿ ಎಂದು ಮೂರು ಹೆಸರು ಸೇರಿಸಿದೆ. ನನ್ನ ಕೈಯಿಂದ ಅಷ್ಟು ಅಚ್ಚುಕಟ್ಟಾದ ಅರ್ಜಿ ಹಿಂದೆಂದೂ ಬಂದಿರಲಿಲ್ಲ. ಒಂಬತ್ತನೇ ದಿನ ನಿಮ್ಮ ಉತ್ತರ: "ನೊಂದ ಹಿರಿಯ ಮಹಿಳೆಯ ದೂರಿನ ಮೇರೆಗೆ ಜೀವರಕ್ಷಕ ಶ್ರೀಕಾಂತ ಇವರನ್ನು ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ." ಅವನ ಹೆಸರು ನನಗೆ ಗೊತ್ತಾದದ್ದು ಆಗಲೇ. ಆ ಕಾಗದವನ್ನು ಬೀದಿಯವರಿಗೆಲ್ಲ ಓದಿ ಹೇಳಿದೆ. "ಕೆರಿಯಮ್ಮ ಅಂದ್ರೆ ಕೆರಿಯಮ್ಮನೇ" ಎಂದು ನನ್ನನ್ನು ಹೊಗಳಿದರು. ತೀರಿಕೊಂಡ ನನ್ನ ಗಂಡ ಮಂಜುನಾಥಪ್ಪನವರ ಫೋಟೋದ ಹಿಂದೆ ಅದನ್ನು ಸಿಕ್ಕಿಸಿಟ್ಟೆ. ಬದುಕಿದ್ದಷ್ಟು ದಿನ ಒಂದು ಸುಳ್ಳೂ ಆಡದ ಮನುಷ್ಯನ ಹಿಂದೆ.

ವಾರ ಕಳೆದು ಒಂದು ಮಧ್ಯಾಹ್ನ ಪುಟ್ಟಿ ಅಂಗಳದಲ್ಲಿ ಆಟ ಹೂಡಿದಳು. ಹೂವಿನ ಕುಂಡಕ್ಕೆ ಒಂದು ಕೋಲು ಚುಚ್ಚಿ, ಅದರ ಮೇಲೆ ತನ್ನ ಅಂಗಿ ಹಾಕಿದಳು. ಬಾಯಲ್ಲೇ "ಪೀ ಪೀ" ಎಂದು ಊದುತ್ತ ಬಂದು "ಅಜ್ಜಿ, ಬ್ಯಾಡ" ಎಂದಳು. ಅಂಗಿ ತೆಗೆದು ತನಗೆ ಬಂದ ಹಾಗೆ ಮಡಿಸಿ ನನ್ನ ಕೈಗೆ ಕೊಟ್ಟಳು. ಆಮೇಲೆ ಬೆನ್ನು ತಿರುಗಿಸಿ ನಿಂತು, "ಈಗ ಹಾಕು ಅಜ್ಜಿ. ಮತ್ತೆ ಹಾಕು" ಎಂದಳು. ನಾನು ಕದಲಲಿಲ್ಲ. "ಹಂಗಲ್ಲ ಅಜ್ಜಿ, ಹಾಕ್ಬೇಕು!" ಎಂದು ಕಾಲು ಅಪ್ಪಳಿಸಿದಳು. ಬಟ್ಟೆ ಒಗೆಯುತ್ತಿದ್ದ ಸುಮನಾ ಕಲ್ಲಿನ ಹತ್ತಿರವೇ ನಿಂತು ನೋಡುತ್ತಿದ್ದಳು. ಅವಳು ಕೇಳಿದ್ದು ಒಂದೇ ಮಾತು. "ಅತ್ತೆ, ಎರಡು ಸಲ ಹಾಕಿದ್ರಾ?"

ಆರು ವರ್ಷದಿಂದ ಈ ಹುಡುಗಿಗೆ ಉಪ್ಪು ಎಷ್ಟು ಹಾಕಬೇಕೆಂಬುದರಿಂದ ಹಿಡಿದು ಎಲ್ಲವನ್ನೂ ನಾನು ಹೇಳಿಕೊಟ್ಟಿದ್ದೇನೆ. ಅವಳೆದುರು "ಹೌದು" ಎನ್ನಲು ಎಷ್ಟು ಹೊತ್ತು ಬೇಕಾಯಿತೆಂದು ಅವಳನ್ನೇ ಕೇಳಿ. ಅವಳು ಬೈಯಲಿಲ್ಲ. "ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗಣ" ಎಂದಳು.

ನಿಮ್ಮ ಕಡಲತೀರದಲ್ಲಿ ಆ ದಿನ ಜೀವರಕ್ಷಕರೇ ಇರಲಿಲ್ಲ. ಬಾವುಟದ ಕೋಲು ಮರಳಲ್ಲಿ ಅಡ್ಡ ಬಿದ್ದಿತ್ತು. ಎರಡು ಬಸ್ಸು ತುಂಬ ಶಾಲೆಯ ಮಕ್ಕಳು ಬಂದಿದ್ದರು, ಮೇಷ್ಟ್ರೊಬ್ಬರು ನಾನು ಆರಿಸಿದ್ದ ಅದೇ ಸದ್ದಿಲ್ಲದ ಜಾಗ ತೋರಿಸಿ "ಇಲ್ಲಿ ಇಳೀರಿ" ಎನ್ನುತ್ತಿದ್ದರು. ಸುಮನಾ ಓಡಿಹೋಗಿ ತಡೆದಳು. ಜೋಳದ ಗಾಡಿಯ ಹೆಂಗಸು ನಮಗೆ ಶ್ರೀಕಾಂತ ಸಿಗುವ ಜಾಗ ಹೇಳಿ, "ಬಾವುಟಕ್ಕೆ ಟವೆಲ್ ಕಟ್ಟಿದ್ದು ನಾ ಕಂಡಿದ್ದೆ. ನನ್ನ ಯಾರೂ ಕೇಳ್ಲಿಲ್ಲ" ಎಂದಳು.

ಅವನು ದೋಣಿಗಳ ಹತ್ತಿರ ಬಲೆ ಹೆಣೆಯುತ್ತ ಕೂತಿದ್ದ. ನನ್ನನ್ನು ಕಂಡು, "ಓ, ತುಂಗೆ ಅಮ್ಮ! ಟವೆಲ್ ಒಣಗ್ತಾ?" ಎಂದ. ಸುತ್ತಲಿದ್ದವರು ನಕ್ಕರು. ನನ್ನ ಕಥೆ ಅಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಕೈ ಮುಗಿದು ತಪ್ಪಾಯಿತು ಎಂದೆ. ಅವನು ಬಲೆಯಿಂದ ತಲೆ ಎತ್ತಲಿಲ್ಲ. "ನನ್ನ ಹತ್ರ ಹೇಳಿ ಎಂತ ಆಗ್ಬೇಕು? ನಂಗೆ ಗೊತ್ತಿದ್ದದ್ದೇ ಅಲ್ವಾ ಅದು? ಗೊತ್ತಿಲ್ಲದವ್ರಿಗೆ ಹೇಳಿ." ಬಲೆಯ ಗಂಟೊಂದನ್ನು ಬಿಗಿದು, "ಫೋನಲ್ಲಿ ನಾಳೆಯಿಂದ ಬರ್ಬೇಡ ಅಂದ್ರು. ಎಂತಕ್ಕೆ ಅಂತ ಕೇಳಿದ್ರೆ, ಲೈನ್ ಕಟ್" ಎಂದ.

ಅಂದು ರಾತ್ರಿಯೇ ನಿಮಗೆ ನಿಜ ಬರೆದು, ಮಾರನೇ ದಿನ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ನಲವತ್ತೊಂದು ದಿನದ ಮೇಲೆ ಉತ್ತರ ಬಂತು: "ಸದರಿ ಕಡತವನ್ನು ಈಗಾಗಲೇ ಮುಕ್ತಾಯಗೊಳಿಸಲಾಗಿದೆ."

ಮಾನ್ಯರೇ, ಸುಳ್ಳು ಹೇಳಲು ನನಗೊಂದು ಕಾರಣವಿತ್ತು. ಸೊಸೆಯೆದುರು ಸಣ್ಣವಳಾಗಲಾರದ ಜಂಬ. ಅದನ್ನು ನಂಬಲು ನಿಮಗೇನಿತ್ತು? ನನಗೊಂದು ಫೋನ್ ಮಾಡಿದ್ದರೆ ನನ್ನ ದನಿಯೇ ಹೇಳಿಬಿಡುತ್ತಿತ್ತು. ಜೋಳದ ಗಾಡಿ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಅಷ್ಟುದ್ದದ ತೀರಕ್ಕೆ ಒಬ್ಬನೇ ಮನುಷ್ಯ, ಒಂದೇ ವಿಶಲ್ ಏಕೆ ಎಂದು ನಿಮ್ಮನ್ನು ನೀವೇ ಕೇಳಿಕೊಂಡಿರಾ? ಕೇಳಿದ್ದರೆ ಇನ್ನಿಬ್ಬರನ್ನು ನೇಮಿಸಬೇಕಾಗುತ್ತಿತ್ತು. ಇದ್ದೊಬ್ಬನನ್ನು ತೆಗೆಯುವುದು ಸಲೀಸು. ನಿಮ್ಮ ತಪ್ಪನ್ನು ತೋರಿಸಿ ನನ್ನದನ್ನು ಮುಚ್ಚಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಮುಚ್ಚುವ ಕೆಲಸ ಎರಡು ಸಲ ಮಾಡಿ ನನಗೆ ಸಾಕಾಗಿದೆ.

ಆ ಕಡತ ತೆರೆಯಿರಿ. ನನ್ನನ್ನು ಕರೆಸಿ, ಶ್ರೀಕಾಂತನವರೆದುರು ಕೂರಿಸಿ, ಹೇಳಿಕೆ ಬರೆಸಿಕೊಳ್ಳಿ. ಸುಳ್ಳು ದೂರಿಗೆ ಏನು ಶಿಕ್ಷೆಯೋ ಕೊಡಿ. ಅವರನ್ನು ಅವರ ಕೆಲಸಕ್ಕೆ ವಾಪಸು ಕರೆಯಿರಿ, ಜೊತೆಗೆ ಜನ ಕೊಡಿ. ಶಾಲೆಗಳ ಪ್ರವಾಸ ಇನ್ನೂ ಮುಗಿದಿಲ್ಲ.

ಅಲ್ಲಿಯವರೆಗೆ ಪ್ರತಿ ಭಾನುವಾರ ಮೊದಲ ಬಸ್ಸಿಗೆ ನಾನು ಘಟ್ಟ ಇಳಿಯುತ್ತೇನೆ. ಆ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ಬುಡದಲ್ಲಿ ಕೂರುತ್ತೇನೆ. ಯಾರನ್ನಾದರೂ ನೀರಿನಿಂದ ಎತ್ತುವ ಶಕ್ತಿ ನನಗಿಲ್ಲ, ಅದು ಗೊತ್ತಾಗಿದೆ. ಆದರೆ ಮಗುವಿನ ಕೈ ಹಿಡಿದು, ತನಗೆ ನೀರು ಗೊತ್ತು ಎಂದುಕೊಂಡು ಬರುವ ಇನ್ನೊಬ್ಬ ಅಜ್ಜಿಗೆ ನಾನು ಯಾರೆಂದು ಹೇಳಬಲ್ಲೆ.

ಇಂತಿ,
ತಮ್ಮ ಕಡತದಲ್ಲಿ "ನೊಂದ ಹಿರಿಯ ಮಹಿಳೆ" ಎಂದು ಇನ್ನೂ ದಾಖಲಾಗಿರುವ
ಕೆರಿಯಮ್ಮ ಮಂಜುನಾಥಪ್ಪ
ಸಾಗರ