ಹಗುರಾದವಳಿಗೆ ಸೀಟು

ಮನೆಯಿಂದ,
ಮಂಗಳವಾರ, ಮಧ್ಯಾಹ್ನದ ಊಟವಾದ ಮೇಲೆ (ನನ್ನದು ಮಾತ್ರ)

ನನ್ನ ಮುದ್ದಿನ ಮಗಳೇ,

ಹೇಗಿದ್ದೀಯಾ? ಸುಟ್ಟುಕೊಂಡ ಕೈ ವಾಸಿಯಾಯಿತೇ? ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಷ್ಟು ಜನರಿಗೆ ಬೇಯಿಸಿ ಹಾಕಿ ಕೊನೆಗೆ ತಳ ಕೆರೆದು ತಿನ್ನಬೇಡ, ಮೊದಲೇ ನಿನ್ನ ತಟ್ಟೆ ತೆಗೆದಿಟ್ಟುಕೋ. ನನ್ನ ಮೊಣಕಾಲು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ. ಎರಡಕ್ಕೂ ಔಷಧಿಯಿಲ್ಲ ಎನ್ನುತ್ತಾಳೆ ನಿನ್ನ ಮಗಳು ಗುಬ್ಬಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಅವಳ ಕೈಯಲ್ಲಿರುತ್ತದೆ, ನಾನು ಮಾತಾಡುವಾಗ ಅವಳ ಕಿವಿ ನನ್ನ ಬಾಯಿಗೇ ಅಂಟಿರುತ್ತದೆ. ಅದಕ್ಕೇ ಈ ಕಾಗೆ ಕಾಲಿನ ಅಕ್ಷರ. ನಾಲ್ಕನೇ ಕ್ಲಾಸಿನ ಓದಿಗೆ ಇಷ್ಟೇ ಬರುವುದು, ನಗಬೇಡ.

ಶಾಲೆಯಲ್ಲಿ ಮಕ್ಕಳು ಪಂದ್ಯಕ್ಕೆಂದು ಕರೆಂಟಿನ ಗಾಡಿ ಕಟ್ಟುತ್ತಿರುವುದು ನಿನಗೆ ಗೊತ್ತಲ್ಲ. ಹೋಗಿ ನೋಡಿ ಬಂದೆ. ಮಂಚಕ್ಕೆ ಸೈಕಲ್ ಚಕ್ರ ಸಿಕ್ಕಿಸಿದ ಹಾಗಿದೆ. ನಡುವೆ ಓಡಿಸುವವರಿಗೆ ಒಂದೇ ಸೀಟು, ಅದರ ಹಿಂದೆ ಬ್ಯಾಟರಿ. ವೈರೆಲ್ಲ ಎಳೆದು ಬೆಸುಗೆ ಹಾಕಿದವಳು ನಮ್ಮ ಗುಬ್ಬಿಯೇ. ಸ್ವಿಚ್ಚು ಒತ್ತಿದರೆ ಬೆಕ್ಕು ಗುರುಗುಟ್ಟಿದ ಹಾಗೆ ಹೊರಡುತ್ತದೆ. ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಆದರೆ ಪಂದ್ಯದ ನಿಯಮ ಕೇಳು: ಒಂದೇ ಚಾರ್ಜಿನಲ್ಲಿ ಯಾರ ಗಾಡಿ ಹೆಚ್ಚು ದೂರ ಹೋಗುತ್ತದೋ ಅವರು ಗೆದ್ದಂತೆ. ಭಾರ ಕಡಿಮೆಯಿದ್ದಷ್ಟೂ ದೂರ. ಹಾಗಾಗಿ ಪ್ರತಿ ಶುಕ್ರವಾರ ಮಕ್ಕಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ, ಹಗುರಾದವಳಿಗೆ ಸೀಟು. ಜಟಾಪಟಿ ಇರುವುದು ಗುಬ್ಬಿಗೂ ದರ್ಜಿಯ ಮಗಳಿಗೂ. ತೂಕ ಶುರುವಾದಂದಿನಿಂದ ಗುಬ್ಬಿ ಅನ್ನವನ್ನು ತಟ್ಟೆಯ ಆ ಮೂಲೆಯಿಂದ ಈ ಮೂಲೆಗೆ ತಳ್ಳುತ್ತಾಳೆಯೇ ಹೊರತು ಬಾಯಿಗಿಡುವುದಿಲ್ಲ. "ಸ್ಕೂಲಲ್ಲೇ ತಿಂದೆ ಅಜ್ಜಿ" ಅನ್ನುತ್ತಾಳೆ. ಬೈದೆ, ಗೋಗರೆದೆ, ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು. ಮೇಷ್ಟ್ರ ಹತ್ತಿರ ಹೋದರೆ, "ಊಟ ಬಿಡು ಅಂತ ನಾವ್ಯಾರೂ ಹೇಳಿಲ್ಲಮ್ಮ" ಅಂದರು. "ಸವೆಸೋದಿದ್ರೆ ಗಾಡಿ ಕಬ್ಬಿಣ ಸವೆಸಿ ಸ್ವಾಮಿ, ಮಕ್ಕಳನ್ನ ಯಾಕೆ ಸವೆಸ್ತೀರಿ?" ಅಂದೆ. ನಕ್ಕರು. ಒಳ್ಳೆಯ ಮನುಷ್ಯನೇ, ಕಣ್ಣಿಗೆ ಗಾಡಿಯೊಂದೇ ಕಾಣುತ್ತದೆ.

ಆಮೇಲೆ ನನಗೊಂದು ಬುದ್ಧಿ ಹೊಳೆಯಿತು, ಹಾಳು ಬುದ್ಧಿ. ಓಡಿಸುವವರು ದಪ್ಪ ಕೋಟು ಹಾಕಿಕೊಂಡೇ ತೂಕಕ್ಕೆ ನಿಲ್ಲಬೇಕು. ಗುಬ್ಬಿಯ ಕೋಟಿನ ಅಂಚು ಬಿಚ್ಚಿ, ಒಳಗೆ ಕಬ್ಬಿಣದ ವಾಷರುಗಳನ್ನು ಒತ್ತೊತ್ತಾಗಿ ಇಟ್ಟು ಹೊಲಿದೆ. ಜೇಬಿನ ತುಂಬ ಸ್ಕ್ರೂಡ್ರೈವರು ತುರುಕಿಕೊಳ್ಳುವವಳಿಗೆ ಅದೆಲ್ಲಿ ತಿಳಿಯಬೇಕು! ಭಾರ ಬಂದರೆ ಸೀಟು ಹೋಗುತ್ತದೆ, ಸೀಟು ಹೋದರೆ ತಟ್ಟೆಗೆ ಬರುತ್ತಾಳೆ ಎಂದುಕೊಂಡೆ. ಆ ಶುಕ್ರವಾರ ದರ್ಜಿಯ ಮಗಳೇ ಹಗುರವಾದಳು. ಗುಬ್ಬಿ ಮನೆಗೆ ಬಂದು ಅಳಲಿಲ್ಲ, ಕೂಗಾಡಲಿಲ್ಲ. "ನಾನು ದಪ್ಪ ಆಗಿಬಿಟ್ಟೆ ಅಜ್ಜಿ" ಎಂದವಳು ಅಂದಿನಿಂದ ಕುಡಿಯುತ್ತಿದ್ದ ಅರ್ಧ ಲೋಟ ಹಾಲನ್ನೂ ಬಿಟ್ಟಳು. ಹೆದರಿ ವಾಷರೆಲ್ಲ ಕಿತ್ತು ಹಾಕಿದೆ. ಮುಂದಿನ ಶುಕ್ರವಾರ ಮುಳ್ಳು ಎಷ್ಟು ಕೆಳಗಿಳಿಯಿತೆಂದರೆ, ಗಾಡಿ ಕಟ್ಟುವ ಇಡೀ ಶೆಡ್ಡೇ ಚಪ್ಪಾಳೆ ತಟ್ಟಿತಂತೆ. "ನೋಡ್ರೋ, ಒಂದೇ ವಾರದಲ್ಲಿ! ಇದು ಶ್ರದ್ಧೆ ಅಂದ್ರೆ" ಅಂದರಂತೆ ಮೇಷ್ಟ್ರು. ಸೀಟು ಈಗ ಇವಳದೇ. ವಾಷರಿನ ನಿಜ ಹೇಳಿದರೆ ಇನ್ನು ನನ್ನ ಕೈಯಿಂದ ನೀರೂ ಕುಡಿಯಲಾರಳು, ಹೇಳದಿದ್ದರೆ ಹೀಗೇ ಒಣಗುತ್ತಾಳೆ. ಎಲ್ಲರ ಬಾಯಿ ಮುಚ್ಚಿಸಿದವಳು ನಾನು, ಇವಳ ಬಾಯಿ ತೆರೆಸಲು ನನ್ನಿಂದಾಗುತ್ತಿಲ್ಲ.

ಜೋಪಾನವಾಗಿರು. ಹೊಗೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಡ. ನೂರು ವರ್ಷ ಬಾಳು, ಹೊಟ್ಟೆ ತುಂಬ ಉಂಡು ಬಾಳು.

ನಿನ್ನ
ಅಮ್ಮ

ಮತ್ತೆ: ಇದನ್ನು ನಿನಗೆ ತಿಳಿಸಕೂಡದೆಂದು ಗುಬ್ಬಿ ಆಣೆ ಹಾಕಿಸಿಕೊಂಡಿದ್ದಾಳೆ, ಮುರಿಯುತ್ತಿದ್ದೇನೆ. ನಿನ್ನೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದಳು. ಎಬ್ಬಿಸಿ ಕೂರಿಸಿದರೆ, "ಅಮ್ಮ ನಾನು ಓಡಿಸೋದನ್ನ ಫೋನಲ್ಲಿ ನೋಡ್ತೀನಿ ಅಂದಿದ್ದಾಳೆ" ಎಂದಳು. ಪಂದ್ಯ ಬರುವ ಭಾನುವಾರ. ಕಾಗದ ಸಿಕ್ಕಿದ ಕೂಡಲೇ ಫೋನು ಮಾಡಿ, ನೋಡುವುದಿಲ್ಲ ಎಂದುಬಿಡು. ಸೀಟು ದರ್ಜಿಯ ಮಗಳಿಗೆ ಕೊಡು ಎನ್ನು. ನಿನ್ನ ಮಾತಾದರೆ ಕೇಳುತ್ತಾಳೆ. ಅಳುತ್ತಾಳೆ, ಅಳಲಿ ಬಿಡು. ಅತ್ತವರಿಗೆ ಆಮೇಲೆ ಹಸಿವಾಗುತ್ತದೆ.